ಗಿರಾಕಿಯ ನಂಬಿಕೆ: ವಿಡಿಯೊ ಗೇಮ್ ಯಂತ್ರಗಳ ಪೈಪೋಟಿಯ ಇತಿಹಾಸ

ವಾಣಿಜ್ಯದ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಹತ್ತಿ, ಉಕ್ಕು, ಕಲ್ಲೆಣ್ಣೆ, ಮೆಣಸು ಮೊದಲಾದ ಪದಾರ್ಥಗಳನ್ನು ಕುರಿತು ಬರೆಯುತ್ತಾರೆಯೇ ಹೊರತು, ಮಕ್ಕಳ ಆಟಿಕೆಯೆಂದು ಹಿರಿಯರು ಪಕ್ಕಕ್ಕೆ ಸರಿಸಿಬಿಡುವ ವಿಡಿಯೊ ಗೇಮ್ ಯಂತ್ರವನ್ನು ಗಂಭೀರವಾದ ವಿಚಾರಣೆಗೆ ಯೋಗ್ಯವೆಂದು ಎಣಿಸುವುದು ವಿರಳ. ಆದರೆ ಜನರ ಅಪೇಕ್ಷೆ ಎಂಬುದು ಹೇಗೆ ಹುಟ್ಟುತ್ತದೆ, ಹೇಗೆ ಪ್ರವಾಹವಾಗಿ ಉಕ್ಕುತ್ತದೆ, ಹೇಗೆ ಬೆಳಗಾಗುವಷ್ಟರಲ್ಲಿ ಬತ್ತಿಹೋಗುತ್ತದೆ ಎಂಬುದನ್ನು ಅರ್ಧ ಶತಮಾನದ ಅಲ್ಪಾವಧಿಯಲ್ಲಿ ಇಷ್ಟು ಸ್ಫುಟವಾಗಿ ತೋರಿಸಿಕೊಟ್ಟ ವ್ಯಾಪಾರ ಇನ್ನೊಂದು ದೊರೆಯುವುದು ಕಷ್ಟ. ದೊಡ್ಡ ದೊಡ್ಡ ಸಂಸ್ಥೆಗಳು ಒಂದೇ ಋತುವಿನಲ್ಲಿ ಮೇಲೆದ್ದುದನ್ನೂ, ಒಂದೇ ಪ್ರಕಟಣೆಯಿಂದ ಕುಸಿದುದನ್ನೂ ಈ ವ್ಯಾಪಾರ ಕಂಡಿದೆ; ಆ ಏಳುಬೀಳುಗಳ ಹಿಂದೆ ಒಂದು ಸ್ಥಿರವಾದ ನಿಯಮ ಕೆಲಸ ಮಾಡಿದೆಯೆಂಬುದು ನನ್ನ ದೃಢವಾದ ನಂಬಿಕೆ.

ಈ ವ್ಯಾಪಾರದ ವೈಶಿಷ್ಟ್ಯವನ್ನು ಮೊದಲೇ ಅರಿತುಕೊಳ್ಳದಿದ್ದರೆ ಮುಂದಿನ ವೃತ್ತಾಂತ ವಿಶದವಾಗದು. ಬಟ್ಟೆಯನ್ನೋ ಪಾತ್ರೆಯನ್ನೋ ಕೊಳ್ಳುವವನು ತಾನು ತೆತ್ತ ಹಣಕ್ಕೆ ಸಮನಾದ ವಸ್ತುವನ್ನು ಅಂದೇ ಕೈಯಲ್ಲಿ ಹಿಡಿದು ಮನೆಗೆ ನಡೆಯುತ್ತಾನೆ. ಆಟದ ಯಂತ್ರವನ್ನು ಕೊಳ್ಳುವವನಾದರೋ ಮುಂದೆ ಬರಲಿರುವ, ಇನ್ನೂ ರಚಿತವಾಗದ ಆಟಗಳ ಭರವಸೆಯ ಮೇಲೆ ಹಣ ಹೂಡುತ್ತಾನೆ. ಆಟಗಳಿಲ್ಲದ ಯಂತ್ರ ನೂಲಿಲ್ಲದ ಮಗ್ಗದಂತೆ ನಿರರ್ಥಕ. ಆ ಆಟಗಳನ್ನು ರಚಿಸುವವರು ಬಹುಪಾಲು ಬೇರೆ ಸಂಸ್ಥೆಗಳವರಾದುದರಿಂದ, ಯಂತ್ರವನ್ನು ಎಷ್ಟು ಮಂದಿ ಕೊಂಡಿದ್ದಾರೆಂಬುದನ್ನು ನೋಡಿಯೇ ಅವರು ತಮ್ಮ ಶ್ರಮವನ್ನು ಅದರಲ್ಲಿ ತೊಡಗಿಸುತ್ತಾರೆ. ಆಟಗಳು ಎಷ್ಟು ಬರಲಿವೆಯೆಂಬುದನ್ನು ನೋಡಿಯೇ ಜನ ಯಂತ್ರವನ್ನು ಕೊಳ್ಳುತ್ತಾರೆ. ತಯಾರಕನಂತೂ ಯಂತ್ರವನ್ನು ಅಲ್ಪಲಾಭಕ್ಕೆ, ಅನೇಕ ವೇಳೆ ನಷ್ಟಕ್ಕೇ ಮಾರಿ, ಮಾರಾಟವಾಗುವ ಪ್ರತಿಯೊಂದು ಆಟದ ಮೇಲೂ ತನಗೆ ಸಲ್ಲುವ ಪರವಾನಗಿಯ ಹಣದಿಂದ ಆ ನಷ್ಟವನ್ನು ತುಂಬಿಕೊಳ್ಳಬೇಕು. ಹೀಗೆ ಗಿರಾಕಿ, ಅಂಗಡಿಕಾರ, ಆಟಗಳ ರಚನಕಾರ, ಈ ಮೂವರೂ ಏಕಕಾಲದಲ್ಲಿ ತಯಾರಕನನ್ನು ನಂಬಿದರೆ ಮಾತ್ರ ಹೊಸ ಯಂತ್ರಕ್ಕೆ ಬಾಳುಂಟು.

ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಮೊದಲ ಯಂತ್ರ, ರಾಲ್ಫ್ ಬೇರ್ ಎಂಬ ಎಂಜಿನಿಯರರ ಕಲ್ಪನೆಯಿಂದ ಮೂಡಿದ ಮ್ಯಾಗ್ನವಾಕ್ಸ್ ಒಡಿಸ್ಸಿ, 1972ರಲ್ಲಿ ಅಮೆರಿಕೆಯ ಮಾರುಕಟ್ಟೆಗೆ ಬಂದಿತು. ಅದೇ ವರ್ಷ ನೋಲನ್ ಬುಷ್ನೆಲ್ ಮತ್ತು ಟೆಡ್ ಡಾಬ್ನಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಅಟಾರಿ ಸಂಸ್ಥೆ 1976ರಲ್ಲಿ ವಾರ್ನರ್ ಕಮ್ಯುನಿಕೇಷನ್ಸಿನ ವಶವಾಗಿ, ಮರುವರ್ಷ ಆಟಗಳನ್ನು ಬದಲಾಯಿಸಬಹುದಾದ ಯಂತ್ರವೊಂದನ್ನು ಹೊರತಂದಿತು. 1980ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಆಟ ಆ ಯಂತ್ರಕ್ಕೆ ಬಂದಾಗ, ಅದೊಂದು ಆಟಕ್ಕಾಗಿಯೇ ಜನ ಯಂತ್ರವನ್ನು ಕೊಂಡರು. ಆದರೆ ಆ ಸಮೃದ್ಧಿಯೇ ಅನರ್ಥಕ್ಕೆ ಬೀಜವಾಯಿತು. ಅಟಾರಿಯಿಂದ ಹೊರಬಂದ ರಚನಕಾರರು 1979ರಲ್ಲಿ ಆಕ್ಟಿವಿಷನ್ ಎಂಬ ಸ್ವತಂತ್ರ ಸಂಸ್ಥೆಯನ್ನು ಕಟ್ಟಿ ಒಳ್ಳೆಯ ಆಟಗಳನ್ನೇ ಕೊಟ್ಟರಾದರೂ, ಅವರ ಗೆಲುವನ್ನು ಕಂಡು ಹಿಂದೆ ಓಡಿಬಂದವರಲ್ಲಿ ಓಟ್ಸ್ ಮಾರುವ ಕ್ವೇಕರ್ ಸಂಸ್ಥೆಯಂಥವರೂ ಇದ್ದರು. ಸಿನಿಮಾದ ಕೀರ್ತಿಯನ್ನು ನೆಚ್ಚಿ ಸುಮಾರು ಐದೇ ವಾರಗಳಲ್ಲಿ ಸಿದ್ಧಪಡಿಸಿದ ‘ಇ.ಟಿ.’ ಎಂಬ ಆಟ 1982ರ ಕ್ರಿಸ್ಮಸ್ ವೇಳೆಗೆ ಅಂಗಡಿಗಳನ್ನು ತುಂಬಿತು. ಹಣ ತೆತ್ತು ಮೋಸಹೋದೆವೆಂದು ಬಗೆದ ಗಿರಾಕಿಗಳು ಮುಂದೆ ಒಳ್ಳೆಯ ಆಟವನ್ನೂ ಸಂಶಯದಿಂದಲೇ ನೋಡುವಂತಾಯಿತು. ಮಾರಾಟವಾಗದ ಸರಕನ್ನು ಅಟಾರಿ 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹುಗಿಸಿತು. ಆ ವರ್ಷ ಸುಮಾರು 320 ಕೋಟಿ ಡಾಲರು ಎಂದು ಅಂದಾಜು ಮಾಡಲಾದ ಅಮೆರಿಕೆಯ ವಹಿವಾಟು 1985ರ ಹೊತ್ತಿಗೆ ಸುಮಾರು 10 ಕೋಟಿಗೆ ಇಳಿಯಿತು. ಯಂತ್ರಗಳು ಕೆಟ್ಟಿರಲಿಲ್ಲ, ನಂಬಿಕೆ ಕೆಟ್ಟಿತ್ತು.

ಆ ನಂಬಿಕೆಯನ್ನು ಪುನಃ ಕಟ್ಟಿದ ಸಂಸ್ಥೆ ದೂರದ ಕ್ಯೋಟೊ ನಗರದ್ದು. 1889ರಲ್ಲಿ ಹನಾಫುದಾ ಎಂಬ ಇಸ್ಪೀಟೆಲೆಗಳನ್ನು ತಯಾರಿಸುವುದಕ್ಕಾಗಿ ಹುಟ್ಟಿಕೊಂಡ ನಿಂಟೆಂಡೊ, ಹಿರೋಶಿ ಯಮೌಚಿಯವರ ಅಧ್ಯಕ್ಷತೆಯಲ್ಲಿ 1983ರ ಜುಲೈ 15ರಂದು ಫ್ಯಾಮಿಕಾಮ್ ಎಂಬ ಯಂತ್ರವನ್ನು 14,800 ಯೆನ್ ಬೆಲೆಗೆ ಜಪಾನಿನಲ್ಲಿ ಬಿಡುಗಡೆ ಮಾಡಿತು. ಅದೇ ದಿನ ಟೋಕಿಯೊದ ಸೆಗಾ ಸಂಸ್ಥೆಯೂ ತನ್ನ ಮೊದಲ ಯಂತ್ರವನ್ನು ಹೊರತಂದುದು ಮುಂದಿನ ದೀರ್ಘ ವೈರಕ್ಕೆ ನಾಂದಿಯಾಯಿತು. 1985ರ ಅಕ್ಟೋಬರಿನಲ್ಲಿ ನಿಂಟೆಂಡೊ ನ್ಯೂಯಾರ್ಕಿನ ಅಂಗಡಿಗಳ ಬಾಗಿಲು ತಟ್ಟಿದಾಗ, ಹಳೆಯ ಸರಕಿನಿಂದ ಕೈಸುಟ್ಟುಕೊಂಡಿದ್ದ ವರ್ತಕರು ವಿಡಿಯೊ ಗೇಮ್ ಎಂಬ ಹೆಸರನ್ನೇ ಕೇಳಲೊಲ್ಲದವರಾಗಿದ್ದರು. ಮಾರಾಟವಾದಷ್ಟಕ್ಕೆ ಮಾತ್ರ ಹಣ ಕೊಟ್ಟರೆ ಸಾಕು, ಉಳಿದುದನ್ನು ತಾನೇ ಹಿಂದಕ್ಕೆ ಪಡೆಯುವುದಾಗಿ ನಿಂಟೆಂಡೊ ಮಾತುಕೊಟ್ಟಿತು. ಯಂತ್ರದೊಡನೆ ಒಂದು ಪುಟ್ಟ ರೋಬೊವನ್ನು ಇಟ್ಟು ಅದನ್ನು ಹೊಸ ಬಗೆಯ ಆಟಿಕೆಯೆಂದು ಪರಿಚಯಿಸಿತು. ಮೇಲಾಗಿ, ತನ್ನ ಪರವಾನಗಿಯಿಲ್ಲದ ಆಟ ನಡೆಯದಂತೆ ಯಂತ್ರದೊಳಗೇ ಒಂದು ಚಿಪ್ಪನ್ನು ಅಳವಡಿಸಿ, ಹೊರಗಿನ ಯಾವ ಸಂಸ್ಥೆಯೂ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ಪ್ರಕಟಿಸಕೂಡದೆಂದು ವಿಧಿಸಿತು. ಈ ಕಟ್ಟುಪಾಡು ರಚನಕಾರರಿಗೆ ಬಿಗಿಯೆನಿಸಿದರೂ ಗಿರಾಕಿಗೆ ಅಭಯವನ್ನಿತ್ತಿತು. ಶಿಗೆರು ಮಿಯಾಮೊಟೊ ಅವರು ರೂಪಿಸಿದ ‘ಸೂಪರ್ ಮಾರಿಯೊ ಬ್ರದರ್ಸ್’ ಆ ಅಭಯವನ್ನು ಆನಂದವನ್ನಾಗಿ ಪರಿವರ್ತಿಸಿತು.

ನಮ್ಮ ನಾಡಿಗೂ ಈ ಕಥೆಗೂ ಇರುವ ನಂಟು ಇಲ್ಲಿಯೇ ಮೊದಲಾಗುತ್ತದೆ. 1990ರ ದಶಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮನೆಗಳಿಗೆ ವಿಡಿಯೊ ಗೇಮ್ ಎಂದು ಬಂದುದು ಬಹುಮಟ್ಟಿಗೆ ಫ್ಯಾಮಿಕಾಮಿನ ಅಗ್ಗದ ಅನುಕರಣಗಳೇ ಆಗಿದ್ದುವು. ಬೇಸಗೆಯ ರಜೆಯಲ್ಲಿ ಒಂದರ ಬದಲಿಗೆ ಇನ್ನೊಂದು ಕ್ಯಾಸೆಟ್ಟನ್ನು ಗೆಳೆಯರಿಂದ ಪಡೆದು ಮಾರಿಯೊ, ಕಾಂಟ್ರಾಗಳನ್ನು ಆಡಿ ಬೆಳೆದ ಆ ಪೀಳಿಗೆಯ ಅನೇಕರಿಗೆ ನಿಂಟೆಂಡೊ ಎಂಬ ಹೆಸರೂ ತಿಳಿದಿರಲಿಲ್ಲ. ಆದರೂ ಆಟ ಉತ್ತಮವಾಗಿದ್ದರೆ ಯಂತ್ರದ ಅಲ್ಪತೆ ಗಣನೆಗೆ ಬಾರದೆಂಬ ಸತ್ಯಕ್ಕೆ ಅವರೂ ಸಾಕ್ಷಿಗಳೇ.

ನಿಂಟೆಂಡೊವಿನ ಏಕಚ್ಛತ್ರವನ್ನು ಅಲುಗಿಸಿದುದು ಸೆಗಾ. ಜಪಾನಿನಲ್ಲಿ 1988ರ ಅಕ್ಟೋಬರಿನಲ್ಲಿ ಮೆಗಾ ಡ್ರೈವ್ ಎಂದೂ, ಮರುವರ್ಷ ಅಮೆರಿಕೆಯಲ್ಲಿ ಜೆನೆಸಿಸ್ ಎಂದೂ ಹೆಸರಿಟ್ಟುಕೊಂಡು ಬಂದ ಅದರ 16 ಬಿಟ್ ಯಂತ್ರ ಮೊದಮೊದಲು ಮಂದಗತಿಯಲ್ಲಿಯೇ ಸಾಗಿತು. 1990ರಲ್ಲಿ ಸೆಗಾದ ಅಮೆರಿಕನ್ ಶಾಖೆಯ ಹೊಣೆಹೊತ್ತ ಟಾಮ್ ಕಾಲಿನ್‌ಸ್ಕಿ, ಮ್ಯಾಟೆಲ್ ಸಂಸ್ಥೆಯಲ್ಲಿ ಗೊಂಬೆಗಳನ್ನು ಮಾರಿ ಜನರ ಮನಸ್ಸನ್ನು ಬಲ್ಲವರಾದುದರಿಂದ, ಬೆಲೆಯನ್ನು ಇಳಿಸಬೇಕೆಂದೂ, 1991ರಲ್ಲಿ ಸಿದ್ಧವಾದ ‘ಸೋನಿಕ್’ ಎಂಬ ಅತ್ಯುತ್ತಮ ಆಟವನ್ನು ಯಂತ್ರದೊಡನೆಯೇ ಕೊಟ್ಟುಬಿಡಬೇಕೆಂದೂ ಹಟಹಿಡಿದರು. ಲಾಭ ತರಬಲ್ಲ ವಸ್ತುವನ್ನು ಕೈಯಾರೆ ಕೊಡುವುದೇ ಎಂದು ಟೋಕಿಯೊದ ಹಿರಿಯರು ಆಕ್ಷೇಪಿಸಿದರಾದರೂ, ಅಧ್ಯಕ್ಷ ಹಯಾವೊ ನಕಯಾಮ ಅನುಮತಿಯಿತ್ತರು. ಅದೇ ವರ್ಷ ನಿಂಟೆಂಡೊ ತನ್ನ 16 ಬಿಟ್ ಯಂತ್ರವನ್ನು ಅಮೆರಿಕೆಗೆ ತಂದಾಗ, ಅಲ್ಲಿನ ಹದಿಹರೆಯದವರ ಒಲವು ಆಗಲೇ ಸೆಗಾದ ಕಡೆಗೆ ವಾಲಿದ್ದಿತು.

ಜಪಾನಿನ ಸ್ಥಿತಿಯಾದರೋ ಬೇರೆ. ಅಲ್ಲಿ 1990ರ ನವೆಂಬರಿನಲ್ಲಿಯೇ ನಿಂಟೆಂಡೊವಿನ ಆ 16 ಬಿಟ್ ಯಂತ್ರ ಸೂಪರ್ ಫ್ಯಾಮಿಕಾಮ್ ಎಂಬ ಹೆಸರಿನಿಂದ ಬಿಡುಗಡೆಯಾದಾಗ, ದರೋಡೆಯ ಭಯದಿಂದ ನಿಂಟೆಂಡೊ ತನ್ನ ಸರಕನ್ನು ರಾತ್ರಿಯ ವೇಳೆಯಲ್ಲಿ ಗುಟ್ಟಾಗಿ ಅಂಗಡಿಗಳಿಗೆ ಸಾಗಿಸಿತು. ಮೊದಲ ಕಂತಿನ ಸುಮಾರು 3 ಲಕ್ಷ ಯಂತ್ರಗಳು ಕೆಲವೇ ಗಂಟೆಗಳಲ್ಲಿ ಮಾರಾಟವಾದುವು. ಇಂಥ ಉತ್ಕರ್ಷದ ಶಿಖರದಲ್ಲಿ ನಿಂತಿದ್ದಾಗಲೇ ನಿಂಟೆಂಡೊ ತನ್ನ ಅತ್ಯಂತ ಪ್ರಬಲನಾದ ಎದುರಾಳಿಯನ್ನು ತಾನೇ ಸೃಷ್ಟಿಸಿಕೊಂಡಿತು. ಸೂಪರ್ ಫ್ಯಾಮಿಕಾಮಿನ ಧ್ವನಿಯ ಚಿಪ್ಪನ್ನು ರೂಪಿಸಿದವರು ಸೋನಿ ಸಂಸ್ಥೆಯ ಕೆನ್ ಕುಟರಾಗಿ. ಅದೇ ಸ್ನೇಹದ ಮುಂದುವರಿಕೆಯಾಗಿ ಎರಡು ಸಂಸ್ಥೆಗಳೂ ಕೂಡಿ ಸಿ.ಡಿ. ಬಳಸುವ ಯಂತ್ರವೊಂದನ್ನು ನಿರ್ಮಿಸುವುದೆಂದು ಒಪ್ಪಂದವಾಗಿದ್ದಿತು. 1991ರ ಜೂನಿನಲ್ಲಿ ಶಿಕಾಗೊ ನಗರದ ವಸ್ತುಪ್ರದರ್ಶನದಲ್ಲಿ ಸೋನಿ ಆ ಯಂತ್ರವನ್ನು ಘೋಷಿಸಿದ ಮರುದಿನವೇ, ಒಪ್ಪಂದದ ಷರತ್ತುಗಳಿಂದ ಆಟಗಳ ಮೇಲಿನ ಹಿಡಿತ ತಪ್ಪುವುದೆಂದು ಶಂಕಿಸಿದ ನಿಂಟೆಂಡೊ, ತಾನು ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯೊಡನೆ ಕೈಜೋಡಿಸಿರುವುದಾಗಿ ಸಾರಿತು. ಸಾರ್ವಜನಿಕವಾಗಿ ಅವಮಾನಿತರಾದ ಸೋನಿಯ ಅಧ್ಯಕ್ಷ ನೊರಿಯೊ ಓಗಾ ಅವರು, ತಮ್ಮ ಸಂಸ್ಥೆಯ ಅನೇಕರ ವಿರೋಧವನ್ನೂ ಲೆಕ್ಕಿಸದೆ, ಸ್ವತಂತ್ರವಾಗಿ ಯಂತ್ರವನ್ನು ನಿರ್ಮಿಸುವಂತೆ ಕುಟರಾಗಿಯವರಿಗೆ ಬೆಂಬಲವಾಗಿ ನಿಂತರು. ಪ್ಲೇಸ್ಟೇಷನ್ ಹುಟ್ಟಿದುದು ಹೀಗೆ.

1994ರ ಚಳಿಗಾಲದಲ್ಲಿ ಟೋಕಿಯೊದ ಅಂಗಡಿಗಳ ಮುಂದೆ ಎರಡು ಹೊಸ ಯಂತ್ರಗಳು ಹನ್ನೊಂದು ದಿನಗಳ ಅಂತರದಲ್ಲಿ ಬಂದು ನಿಂತುವು: ನವೆಂಬರ್ 22ರಂದು 44,800 ಯೆನ್ ಬೆಲೆಯ ಸೆಗಾ ಸ್ಯಾಟರ್ನ್, ಡಿಸೆಂಬರ್ 3ರಂದು 39,800 ಯೆನ್ ಬೆಲೆಯ ಪ್ಲೇಸ್ಟೇಷನ್. ‘ವರ್ಚುವ ಫೈಟರ್’ ಆಟದ ಆಕರ್ಷಣೆಯಿಂದ ಸ್ಯಾಟರ್ನ್ ಸ್ವದೇಶದಲ್ಲಿ ಸಮಬಲದಿಂದಲೇ ಹೋರಾಡಿತು. ಆದರೆ ಎರಡು ಪ್ರಮುಖ ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸಬೇಕಾದ ಅದರ ರಚನೆ ಆಟ ಬರೆಯುವವರಿಗೆ ಕ್ಲಿಷ್ಟವಾಗಿದ್ದಿತು. ಸೋನಿಯಾದರೋ ಪ್ರೋಗ್ರಾಮುಗಳ ಸಿದ್ಧಸಾಮಗ್ರಿಯನ್ನು ತಾನೇ ಒದಗಿಸಿ ರಚನಕಾರರನ್ನು ಆದರದಿಂದ ಬರಮಾಡಿಕೊಂಡಿತು. ಇದಕ್ಕಿಂತ ಗಂಭೀರವಾದ ದೋಷ ಬೇರೆ ಕಡೆಯಲ್ಲಿದ್ದಿತು. 1992ರಲ್ಲಿ ಜೆನೆಸಿಸ್ಸಿಗೆ ಜೋಡಿಸುವ ಸಿ.ಡಿ. ಉಪಕರಣವನ್ನು 299 ಡಾಲರಿಗೂ, 1994ರ ಕೊನೆಯಲ್ಲಿ 32ಎಕ್ಸ್ ಎಂಬ ಇನ್ನೊಂದು ಉಪಕರಣವನ್ನು 159 ಡಾಲರಿಗೂ ಅಮೆರಿಕೆಯಲ್ಲಿ ಮಾರಿದ ಸೆಗಾ, ಅವೆರಡನ್ನೂ ಬಹುಬೇಗ ಕೈಬಿಟ್ಟು ಹೊಸ ಯಂತ್ರದ ಕಡೆಗೆ ತಿರುಗಿತು. ಆ ಉಪಕರಣಗಳಿಗೆ ಹಣ ಸುರಿದವರು ಸೆಗಾವನ್ನು ಅತ್ಯಂತ ಪ್ರೀತಿಸಿದ ಗಿರಾಕಿಗಳೇ, ವಂಚಿತರಾದವರೂ ಅವರೇ.

1995ರ ಮೇ 11ರಂದು ಲಾಸ್ ಏಂಜಲೀಸಿನಲ್ಲಿ ಇ3 ಎಂಬ ವಿಡಿಯೊ ಗೇಮ್ ವಸ್ತುಪ್ರದರ್ಶನ ಮೊದಲ ಬಾರಿಗೆ ಆರಂಭವಾಯಿತು. ಸ್ಯಾಟರ್ನ್ ಸೆಪ್ಟೆಂಬರಿನಲ್ಲಿ ಬರುವುದೆಂದು ಎಲ್ಲರೂ ನಂಬಿಕೊಂಡಿದ್ದಾಗ, ಪ್ರತಿಸ್ಪರ್ಧಿಗಿಂತ ಮುಂದಾಗಬೇಕೆಂಬ ಟೋಕಿಯೊದ ಆದೇಶಕ್ಕೆ ತಲೆಬಾಗಿ ಕಾಲಿನ್‌ಸ್ಕಿಯವರು, ಯಂತ್ರ ಈಗಾಗಲೇ ಆಯ್ದ ಅಂಗಡಿಗಳಲ್ಲಿ ಇದೆಯೆಂದೂ ಬೆಲೆ 399 ಡಾಲರೆಂದೂ ಘೋಷಿಸಿದರು. ಅನಂತರ ವೇದಿಕೆಯನ್ನೇರಿದ ಸೋನಿಯ ಸ್ಟೀವ್ ರೇಸ್ 299 ಎಂಬ ಒಂದೇ ಸಂಖ್ಯೆಯನ್ನು ಉಚ್ಚರಿಸಿ ಕೆಳಗಿಳಿದರು. ಸಭೆ ಕರತಾಡನದಿಂದ ತುಂಬಿತು. ಆ ನೂರು ಡಾಲರಿನ ಅಂತರ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಅದಕ್ಕಿಂತ ಆಳವಾದ ಗಾಯ ಕಣ್ಣಿಗೆ ಕಾಣದ ಕಡೆ ಆಗಿದ್ದಿತು. ಸರಕು ಸಿಕ್ಕದೆ ಹೊರಗುಳಿದ ವರ್ತಕರು ಕೆರಳಿದರು. ಕೆಬಿ ಟಾಯ್ಸ್ ಎಂಬ ದೊಡ್ಡ ಆಟಿಕೆಯ ಅಂಗಡಿಸಂಸ್ಥೆ ಸೆಗಾದ ಸರಕನ್ನೇ ಮಾರುವುದಿಲ್ಲವೆಂದು ಹಟತೊಟ್ಟಿತು. ಸೆಪ್ಟೆಂಬರಿಗೆಂದು ಆಟಗಳನ್ನು ಸಿದ್ಧಪಡಿಸುತ್ತಿದ್ದ ಹೊರಗಿನ ರಚನಕಾರರು ತಮಗೆ ತಿಳಿಸದೆಯೇ ಹಬ್ಬ ನಡೆದುಹೋದುದನ್ನು ಕಂಡು ಬೇಸರಗೊಂಡರು. ಯಂತ್ರವನ್ನು ಕೊಂಡವನಿಗೆ ಬೇಸಗೆಯುದ್ದಕ್ಕೂ ಆಡಲು ಬೆರಳೆಣಿಕೆಯ ಆಟಗಳಿಗಿಂತ ಹೆಚ್ಚಿರಲಿಲ್ಲ. ನಾಲ್ಕು ತಿಂಗಳು ಮುಂಚಿತವಾಗಿ ಹೊರಟು ಗಳಿಸಿದುದು ಇಷ್ಟೆ: ಗಿರಾಕಿ, ವರ್ತಕ, ರಚನಕಾರ, ಈ ಮೂವರ ಅಸಮಾಧಾನ. ಸೆಪ್ಟೆಂಬರ್ 9ರಂದು ಪ್ಲೇಸ್ಟೇಷನ್ ಅಮೆರಿಕೆಯಲ್ಲಿ ಕಾಲಿಟ್ಟಾಗ ಸ್ಪರ್ಧೆಯ ಫಲ ಬಹುಪಾಲು ನಿಶ್ಚಿತವಾಗಿದ್ದಿತು.

ನಿಂಟೆಂಡೊ ತನ್ನ ಹೊಸ ಯಂತ್ರವಾದ ನಿಂಟೆಂಡೊ 64ನ್ನು 1996ರ ಜೂನ್ 23ರಂದು ಜಪಾನಿನಲ್ಲಿಯೂ, ಸೆಪ್ಟೆಂಬರಿನಲ್ಲಿ ಅಮೆರಿಕೆಯಲ್ಲಿಯೂ ಹೊರತಂದಿತು. ಯಂತ್ರ ಬಲಿಷ್ಠ, ಮಿಯಾಮೊಟೊ ಅವರ ‘ಸೂಪರ್ ಮಾರಿಯೊ 64’ ಅಪೂರ್ವ. ಆದರೂ ನಿಂಟೆಂಡೊ, ಆಟಗಳನ್ನು ಅಡಕಮಾಡುವ ಹಳೆಯ ಕಾರ್ಟ್ರಿಜ್ಜನ್ನು ಬಿಡಲೊಲ್ಲದೆ ಹೋಯಿತು. ಪ್ಲೇಸ್ಟೇಷನ್ ಬಳಸುತ್ತಿದ್ದ, ಸುಮಾರು 650 ಮೆಗಾಬೈಟ್ ಹಿಡಿಯುವ ಸಿ.ಡಿ.ಯನ್ನು ಅತ್ಯಲ್ಪ ವೆಚ್ಚದಲ್ಲಿ, ಬೇಡಿಕೆ ಬಂದ ಕೆಲವೇ ದಿನಗಳಲ್ಲಿ ಅಚ್ಚುಹಾಕಬಹುದಾಗಿದ್ದಿತು. ‘ಸೂಪರ್ ಮಾರಿಯೊ 64’ ಅಡಕವಾದ ಕಾರ್ಟ್ರಿಜ್ಜಿನ ಪರಿಮಾಣ ಕೇವಲ 8 ಮೆಗಾಬೈಟ್, ಮೇಲಾಗಿ ಕಾರ್ಟ್ರಿಜ್ಜುಗಳನ್ನು ತಿಂಗಳುಗಳ ಮೊದಲೇ ಹಣ ಕಟ್ಟಿ ಮಾಡಿಸಬೇಕು. ಅಂದಾಜು ತಪ್ಪಿದರೆ ನಷ್ಟವೆಲ್ಲ ಪ್ರಕಾಶಕನದೇ. ಫ್ಯಾಮಿಕಾಮಿನ ಕಾಲದಿಂದಲೂ ನಿಂಟೆಂಡೊವಿನ ಜೊತೆಗಿದ್ದ ಸ್ಕ್ವೇರ್ ಸಂಸ್ಥೆ ಈ ಕಾರಣದಿಂದಲೇ ಅದನ್ನು ತೊರೆದು, ಮೂರು ಸಿ.ಡಿ.ಗಳನ್ನು ತುಂಬಿದ ‘ಫೈನಲ್ ಫ್ಯಾಂಟಸಿ 7’ನ್ನು 1997ರ ಜನವರಿ 31ರಂದು ಪ್ಲೇಸ್ಟೇಷನ್ನಿಗೆ ಕೊಟ್ಟಿತು. ಅಂತಿಮವಾಗಿ ಪ್ಲೇಸ್ಟೇಷನ್ 10 ಕೋಟಿಗೂ ಹೆಚ್ಚು, ನಿಂಟೆಂಡೊ 64 ಸುಮಾರು 3.3 ಕೋಟಿ, ಸ್ಯಾಟರ್ನ್ ಒಂದು ಕೋಟಿಗೂ ಕಡಿಮೆ ಸಂಖ್ಯೆಯಲ್ಲಿ ಮಾರಾಟವಾದುವು.

ಇನ್ನು ಸೆಗಾದ ಕೊನೆಯ ಯಂತ್ರವನ್ನು ಕುರಿತು ತುಸು ವಿಸ್ತಾರವಾಗಿಯೇ ಹೇಳಬೇಕು; ಏಕೆಂದರೆ ಗುಣವೊಂದರಿಂದಲೇ ಗೆಲುವು ಸಿದ್ಧಿಸುವುದಾದರೆ ಡ್ರೀಮ್‌ಕಾಸ್ಟ್ ಸೋಲಬೇಕಾಗಿರಲಿಲ್ಲ. 1998ರ ನವೆಂಬರ್ 27ರಂದು ಜಪಾನಿನಲ್ಲಿ ಬಿಡುಗಡೆಯಾದಾಗ, ಚಿತ್ರಗಳನ್ನು ಮೂಡಿಸುವ ಚಿಪ್ಪಿನ ಕೊರತೆಯಿಂದ ಕೇಳಿದವರಿಗೆಲ್ಲ ಯಂತ್ರ ದೊರೆಯದೆ ಹೋಯಿತು. ಅಮೆರಿಕೆಯಲ್ಲಾದರೋ 1999ರ ಸೆಪ್ಟೆಂಬರ್ 9ರಂದು, ದೂರವಾಣಿಯ ತಂತಿಯ ಮೂಲಕ ಊರೂರಿನ ಆಟಗಾರರನ್ನು ಕೂಡಿಸಬಲ್ಲ ಮೋಡೆಮ್ ಸಹಿತವಾಗಿ, 199 ಡಾಲರಿನ ಸುಲಭ ಬೆಲೆಯಲ್ಲಿ, ಹದಿನೆಂಟು ಆಟಗಳನ್ನು ಬೆನ್ನಿಗಿಟ್ಟುಕೊಂಡು ಬಂದ ಆ ಯಂತ್ರ ಒಂದೇ ದಿನದಲ್ಲಿ 2,25,132ರ ಸಂಖ್ಯೆಯಲ್ಲಿ ಮಾರಾಟವಾಗಿ, ಆಟಗಳೂ ಸೇರಿ ಸುಮಾರು 9.8 ಕೋಟಿ ಡಾಲರಿನ ವಹಿವಾಟು ನಡೆಯಿತು. ಆದರೆ ಹಿಂದಿನ ಕೃತ್ಯಗಳ ಋಣ ತೀರಿರಲಿಲ್ಲ. ಸ್ಯಾಟರ್ನ್ ತಮ್ಮ ಭವಿಷ್ಯವಲ್ಲವೆಂದು 1997ರಲ್ಲಿಯೇ ಸೆಗಾದ ಅಮೆರಿಕನ್ ಶಾಖೆಯ ಮುಖ್ಯಸ್ಥರು ಬಹಿರಂಗವಾಗಿ ಹೇಳಿಬಿಟ್ಟಿದ್ದುದರಿಂದ, ಅದನ್ನು ಕೊಂಡವರು ಎರಡು ವರ್ಷ ಹೊಸ ಆಟಗಳಿಗಾಗಿ ಹಂಬಲಿಸಿ, ಬಹುಮಂದಿ ಸೋನಿಯ ಕಡೆಗೆ ಹೊರಟುಹೋಗಿದ್ದರು. ಕ್ರೀಡೆಗಳ ಆಟಗಳಿಗೆ ಹೆಸರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಡ್ರೀಮ್‌ಕಾಸ್ಟಿಗಾಗಿ ಒಂದು ಆಟವನ್ನೂ ಪ್ರಕಟಿಸಲಿಲ್ಲ.

ಇದೇ ವೇಳೆಯಲ್ಲಿ, 1999ರ ಮಾರ್ಚಿನಲ್ಲಿ, ಸೋನಿ ತನ್ನ ಎರಡನೆಯ ಯಂತ್ರವನ್ನು ಘೋಷಿಸಿತು. ಇನ್ನೂ ಅಂಗಡಿಗೆ ಬಾರದ ವಸ್ತುವಿಗಾಗಿ ಕಾಯುವೆವೆಂದು ಜನ ಕೈಯಲ್ಲಿದ್ದ ಹಣವನ್ನು ಬಿಗಿಹಿಡಿದರು. ಎದುರಿಗೆ ಸಿದ್ಧವಾಗಿದ್ದ ಡ್ರೀಮ್‌ಕಾಸ್ಟ್ ಕಾಣದಂತಾಯಿತು. 2000ದ ಮಾರ್ಚ್ 4ರಂದು ಜಪಾನಿನಲ್ಲಿ ಪ್ಲೇಸ್ಟೇಷನ್ 2 ಬಂದಾಗ ಎರಡೇ ದಿನಗಳಲ್ಲಿ ಹತ್ತು ಲಕ್ಷಕ್ಕೆ ಸಮೀಪದಷ್ಟು ಯಂತ್ರಗಳು ಖರ್ಚಾದುವು. ಅಕ್ಟೋಬರ್ 26ರಂದು ಅಮೆರಿಕೆಗೆ ಬರಬೇಕಾಗಿದ್ದ ಹತ್ತು ಲಕ್ಷದಲ್ಲಿ ಬಿಡಿಭಾಗಗಳ ಅಭಾವದಿಂದ ಐದು ಲಕ್ಷ ಮಾತ್ರ ಬಂದುದರಿಂದ, ಜನ ರಾತ್ರಿಯೆಲ್ಲ ಸಾಲಿನಲ್ಲಿ ನಿಂತರು, ಸಿಕ್ಕಿದವರು ಅದನ್ನು ಮೂಲಬೆಲೆಯ ಹಲವು ಪಟ್ಟಿಗೆ ಮಾರಿಕೊಂಡರು. ಆರಂಭದ ಆಟಗಳು ಸಾಧಾರಣವಾಗಿದ್ದುವು; ರಚನಕಾರರಿಗೂ ಯಂತ್ರ ಸುಲಭವಾಗಿರಲಿಲ್ಲ. ಆದರೂ ಈ ಉತ್ಕಂಠೆಗೆ ಕಾರಣ ಬರಿಯ ಜಾಹೀರಾತಾಗಿರಲಿಲ್ಲ. ಹೊಸ ಯಂತ್ರ ಡಿ.ವಿ.ಡಿ. ಸಿನಿಮಾಗಳನ್ನು ತೋರಿಸುತ್ತಿದ್ದುದರಿಂದ ಒಂದೇ ಬೆಲೆಗೆ ಎರಡು ವಸ್ತು ದೊರೆತಂತಾಗುತ್ತಿದ್ದಿತು; ಅದಕ್ಕಿಂತ ಮಿಗಿಲಾಗಿ, ಹಳೆಯ ಪ್ಲೇಸ್ಟೇಷನ್ನಿನ ಆಟಗಳು ಬಹುಪಾಲು ಹೊಸದರಲ್ಲಿಯೂ ನಡೆಯುತ್ತಿದ್ದುವು. ನೀನು ಕೂಡಿಟ್ಟುದು ವ್ಯರ್ಥವಾಗದು ಎಂದು ಸೋನಿ ತನ್ನ ಹಳೆಯ ಗಿರಾಕಿಗೆ ಆಡದ ಮಾತಿನಲ್ಲಿ ಹೇಳಿದಂತಾಯಿತು.

2001ರ ಜನವರಿ 31ರಂದು, ಮಾರ್ಚ್ ಕೊನೆಗೆ ಡ್ರೀಮ್‌ಕಾಸ್ಟ್ ತಯಾರಿಕೆಯನ್ನು ನಿಲ್ಲಿಸಿ ಇನ್ನು ಮುಂದೆ ಆಟಗಳನ್ನು ಮಾತ್ರ ರಚಿಸುವುದಾಗಿ ಸೆಗಾ ಪ್ರಕಟಿಸಿತು. ಸಂಸ್ಥೆಯನ್ನು ಉಳಿಸುವುದಕ್ಕಾಗಿ ಅಧ್ಯಕ್ಷ ಇಸಾವೊ ಓಕಾವ ಅವರು ಸುಮಾರು 69.5 ಕೋಟಿ ಡಾಲರು ಮೌಲ್ಯದ ತಮ್ಮ ಸ್ವಂತ ಷೇರುಗಳನ್ನು ದಾನವಾಗಿ ಕೊಟ್ಟು, ಅದೇ ಮಾರ್ಚಿನಲ್ಲಿ ತೀರಿಕೊಂಡರು. ವರ್ಷ ಮುಗಿಯುವುದರೊಳಗೆ ಸೋನಿಕ್, ಹಿಂದಿನ ವೈರಿಯಾದ ನಿಂಟೆಂಡೊವಿನ ಯಂತ್ರದಲ್ಲಿಯೇ ಕಾಣಿಸಿಕೊಂಡಿತು.

ಗೆದ್ದವರೂ ಈ ನಿಯಮಕ್ಕೆ ಹೊರತಾಗಲಿಲ್ಲ. ಪ್ಲೇಸ್ಟೇಷನ್ 2ರ ವಿಜಯದಿಂದ ನಿಶ್ಚಿಂತರಾದ ಸೋನಿಯವರು 2006ರ ನವೆಂಬರಿನಲ್ಲಿ ಮೂರನೆಯ ಯಂತ್ರಕ್ಕೆ 599 ಡಾಲರಿನವರೆಗೆ ಬೆಲೆಯಿಟ್ಟಾಗ, ಅದೇ ತಿಂಗಳು 249 ಡಾಲರಿಗೆ ಬಂದ, ಶಕ್ತಿಯಲ್ಲಿ ಎಷ್ಟೋ ಕೆಳಗಿದ್ದ ನಿಂಟೆಂಡೊ ವೀ ಯಂತ್ರವನ್ನು ಹಿಂದೆಂದೂ ಆಟವಾಡದ ಮನೆಮಂದಿಯೆಲ್ಲ ಕೊಂಡರು. ಮೈಕ್ರೊಸಾಫ್ಟ್ ಸಂಸ್ಥೆಯಿಂದ 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ವ್ಯಾಪಕವಾಗಿ ಕೆಟ್ಟುನಿಲ್ಲತೊಡಗಿದಾಗ ಆ ಸಂಸ್ಥೆ 2007ರಲ್ಲಿ ನೂರು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ತೆಗೆದಿರಿಸಿ, ದುರಸ್ತಿಯ ಹೊಣೆಯನ್ನು ಮೂರು ವರ್ಷಗಳಿಗೆ ವಿಸ್ತರಿಸಿ ಮಾನವನ್ನುಳಿಸಿಕೊಂಡಿತು. ಅದೇ ಮೈಕ್ರೊಸಾಫ್ಟ್ 2013ರಲ್ಲಿ ಬಳಸಿದ ಆಟಗಳ ಮರುಮಾರಾಟಕ್ಕೆ ಕಟ್ಟುಪಾಡು ತರಹೊರಟಾಗ ಗಿರಾಕಿಗಳು ಸಿಡಿದೆದ್ದರು. ನಿರ್ಧಾರವನ್ನು ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡರೂ, 499 ಡಾಲರಿನ ಅದರ ಯಂತ್ರ 399 ಡಾಲರಿನ ಪ್ಲೇಸ್ಟೇಷನ್ 4ರ ಮುಂದೆ ಚೇತರಿಸಿಕೊಳ್ಳಲಿಲ್ಲ.

ಈ ದೀರ್ಘ ವೃತ್ತಾಂತವನ್ನು ಸಮಗ್ರವಾಗಿ ನೋಡಿದಾಗ ಒಂದು ತೀರ್ಮಾನ ಅನಿವಾರ್ಯವಾಗುತ್ತದೆ. ಯಂತ್ರದ ಶಕ್ತಿ ಗೆಲುವನ್ನು ತರಲಿಲ್ಲ. ಮುಂಚಿತವಾಗಿ ಹೊರಟವನಿಗೆ ಜಯ ಲಭಿಸಲಿಲ್ಲ. ಅಗ್ಗದ ಬೆಲೆಯೂ ಡ್ರೀಮ್‌ಕಾಸ್ಟನ್ನು ಉಳಿಸಲಿಲ್ಲ. ಕಳೆದ ಬಾರಿ ತನ್ನನ್ನು ನಂಬಿದವನನ್ನು ಯಾವ ತಯಾರಕನು ಗೌರವದಿಂದ ನಡೆಸಿಕೊಂಡನೋ ಅವನೇ ಮುಂದಿನ ಬಾರಿ ಬಾಳಿದನು. ಆದುದರಿಂದ ಹೊಸ ಯಂತ್ರ ಅಂಗಡಿಗೆ ಬಂದ ದಿನ ಅದರ ವೇಗವನ್ನೂ ಚಿತ್ರಗಳ ಸೊಬಗನ್ನೂ ಸಾರುವ ಸಂಖ್ಯೆಗಳಿಗೆ ಮರುಳಾಗದೆ, ಅದನ್ನು ಮಾರುವವನು ತನ್ನ ಹಳೆಯ ಗಿರಾಕಿಯೊಡನೆ ಹೇಗೆ ನಡೆದುಕೊಂಡಿದ್ದಾನೆ ಎಂಬುದನ್ನು ವಿಚಾರಿಸಿ ನೋಡುವುದು ಮಕ್ಕಳಿಗಾಗಿ ಹಣ ತೆರುವ ಪ್ರತಿಯೊಬ್ಬ ತಂದೆತಾಯಿಯ ಕರ್ತವ್ಯ.